ಹುದ್ದೆ ಕೊಟ್ಟಿರಿ, ಸರಿ. ತೀರ್ಮಾನ ಕೊಟ್ಟಿರಾ?

ಸಣ್ಣ ಕಂಪನಿ ಬೆಳೆಯುತ್ತಾ ಹೋದ ಹಾಗೆ ಒಂದು ವಿಚಿತ್ರ ನಡೆಯುತ್ತದೆ. ಜನ ಜಾಸ್ತಿಯಾಗಿದ್ದಾರೆ, ಆರ್ಡರ್ ಜಾಸ್ತಿಯಾಗಿದೆ, ಕೆಲಸ ಮಾತ್ರ ನಿಧಾನ. ಕೊಟೇಶನ್ ಎರಡು ದಿನದಿಂದ ಹಾಗೇ ಬಿದ್ದಿದೆ. ಹೊಸಬರನ್ನು ಸೇರಿಸಿಕೊಳ್ಳುವ ಮಾತು ತಿಂಗಳಿಂದ ಎಳೆದಾಡುತ್ತಿದೆ. ಸಪ್ಲೈಯರ್ ಬದಲಾಯಿಸಬೇಕು ಅಂತ ಎಲ್ಲರಿಗೂ ಗೊತ್ತು, ಆದರೆ ಬದಲಾಯಿಸಿಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: "ಸಾರ್‌ಗೆ ಹೇಳಿದ್ದೀನಿ, ನೋಡ್ತೀನಿ ಅಂದಿದ್ದಾರೆ." ಆ ಸಾರ್ ಅಥವಾ ಮೇಡಂ ಬೆಳಗ್ಗೆಯಿಂದ ರಾತ್ರಿವರೆಗೆ ಪುರುಸೊತ್ತಿಲ್ಲದೆ ದುಡಿಯುತ್ತಿರುತ್ತಾರೆ. ಯಾರೂ ಸೋಮಾರಿಗಳಲ್ಲ. ಹೂಂ ಅನ್ನುವ ಬಾಯಿ ಒಂದೇ ಇದೆ, ಅಷ್ಟೇ.

ಆಗ ಎಲ್ಲರೂ ಕೊಡುವ ಸಲಹೆ, "ಒಬ್ಬ ಒಳ್ಳೆ ಮ್ಯಾನೇಜರ್ ಇಟ್ಕೊಳ್ಳಿ". ಸರಿ, ಇಟ್ಟುಕೊಳ್ಳುತ್ತಾರೆ. ಸಿಒಒ (ದಿನನಿತ್ಯದ ಕಾರ್ಯಾಚರಣೆ ನೋಡುವ ಮುಖ್ಯಸ್ಥರು) ಅಂತಲೋ ಜನರಲ್ ಮ್ಯಾನೇಜರ್ ಅಂತಲೋ ವಿಸಿಟಿಂಗ್ ಕಾರ್ಡ್ ಪ್ರಿಂಟ್ ಆಗುತ್ತದೆ, ಒಂದು ಕ್ಯಾಬಿನ್ ಸಿಗುತ್ತದೆ, ಎಲ್ಲರಿಗೂ ಇಮೇಲ್ ಹೋಗುತ್ತದೆ. ಆರು ತಿಂಗಳು ಬಿಟ್ಟು ನೋಡಿದರೆ ಕೊಟೇಶನ್ ಎರಡು ದಿನದ ಬದಲು ಮೂರು ದಿನ ತಗೊಳ್ಳುತ್ತಿರುತ್ತದೆ, ಯಾಕೆಂದರೆ ಈಗ ಮೊದಲು ಮ್ಯಾನೇಜರ್ ನೋಡಬೇಕು, ಆಮೇಲೆ ಸಾರ್ ನೋಡಬೇಕು. ಸಂಬಳ ಹೆಚ್ಚಾಯಿತು, ಒಂದು ಮೆಟ್ಟಿಲು ಹೆಚ್ಚಾಯಿತು, ಮಾಲೀಕರ ತಲೆನೋವು ಅಲ್ಲೇ ಉಳಿಯಿತು.

ಇಲ್ಲಿ ಆಗಿದ್ದೇನು ಅಂದರೆ, ಕೆಲಸ ಕೊಟ್ಟರು, ತೀರ್ಮಾನ ಮಾಡುವ ಅಧಿಕಾರ ಕೊಡಲಿಲ್ಲ. ಇಡೀ ವಿಷಯ ಇಷ್ಟೇ. ಆದರೆ ತೀರ್ಮಾನ ಕೊಡುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ, ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಲೆಕ್ಕ. ಐದು ಜನ ಇರುವ ಕಡೆ ಇಬ್ಬಿಬ್ಬರು ಮಾತಾಡಿಕೊಳ್ಳುವ ಜೋಡಿಗಳು 10. ಹತ್ತು ಜನ ಆದರೆ 45. ಇಪ್ಪತ್ತೈದು ಜನ ಆದರೆ 300. ಜನ ಐದು ಪಟ್ಟು ಬೆಳೆದರೆ ಜೋಡಿಗಳು ಮೂವತ್ತು ಪಟ್ಟು. 1933ರಲ್ಲಿ ಗ್ರೈಕುನಾಸ್ ಅನ್ನುವ ಸಲಹೆಗಾರ ಇದನ್ನೇ ಇನ್ನೂ ಆಳಕ್ಕೆ ಹೋಗಿ ಲೆಕ್ಕ ಹಾಕಿದರು. ಒಬ್ಬ ಮೇಲಧಿಕಾರಿಯ ಕೈಕೆಳಗೆ ನಾಲ್ಕು ಜನ ಇದ್ದರೆ, ಒಬ್ಬೊಬ್ಬರ ಜೊತೆಗಿನ ಸಂಬಂಧ, ಗುಂಪಾಗಿ ಇರುವ ಸಂಬಂಧ, ಅವರವರ ನಡುವಿನ ಸಂಬಂಧ ಎಲ್ಲ ಸೇರಿ 44 ಆಗುತ್ತದೆ. ಐದನೆಯವರು ಬಂದರೆ 100. ಆರನೆಯವರು ಬಂದರೆ 222. ಕಾಗದದ ಮೇಲಿನ ಲೆಕ್ಕ ಇದು, ನಿಜವಾದ ಆಫೀಸಿನಲ್ಲಿ ಎಲ್ಲ ಸಂಬಂಧವೂ ದಿನಾ ಎದ್ದು ನಿಲ್ಲುವುದಿಲ್ಲ. ಆದರೂ ಹದಿನೈದು ಜನ ನೇರವಾಗಿ ತಮಗೇ ವರದಿ ಮಾಡುವ ಮಾಲೀಕರು ಯಾಕೆ ಸುಸ್ತಾಗಿರುತ್ತಾರೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಇನ್ನೂ ಒಂದು ಗಂಟೆ ಬೇಗ ಎದ್ದರೆ ಸರಿಹೋಗುವ ಸಮಸ್ಯೆ ಇದಲ್ಲ.

ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಲ್ಯಾರಿ ಗ್ರೈನರ್ 1972ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದ ವಾದವೂ ಇಲ್ಲಿಗೆ ಹೊಂದುತ್ತದೆ. ಕಂಪನಿಯ ಬೆಳವಣಿಗೆಯ ಪ್ರತಿ ಹಂತವೂ ತನ್ನದೇ ಬಿಕ್ಕಟ್ಟನ್ನು ತಾನೇ ಹುಟ್ಟಿಸುತ್ತದೆ ಅನ್ನುತ್ತಾರೆ ಅವರು. ಮೊದಲ ಹಂತ ಸ್ಥಾಪಕರ ಹುಮ್ಮಸ್ಸಿನಿಂದ ನಡೆಯುತ್ತದೆ, ಕೊನೆಗೆ ನಡೆಸುವವರು ಯಾರು ಅನ್ನುವ ಬಿಕ್ಕಟ್ಟಿಗೆ ಬರುತ್ತದೆ. ಎರಡನೆಯದರಲ್ಲಿ ಒಬ್ಬರು ಗಟ್ಟಿಯಾಗಿ ಲಗಾಮು ಹಿಡಿಯುತ್ತಾರೆ, ಕೆಳಗಿನವರಿಗೆ ಉಸಿರು ಕಟ್ಟುತ್ತದೆ. ಮೂರನೆಯದರಲ್ಲಿ ಅಧಿಕಾರ ಹಂಚುತ್ತಾರೆ, ಕಂಪನಿ ಬೆಳೆಯುತ್ತದೆ, ಆಮೇಲೆ ಮೇಲಿನವರಿಗೆ ಹಿಡಿತವೇ ಇಲ್ಲ ಅನ್ನಿಸಿ ಹೊಸ ಬಿಕ್ಕಟ್ಟು ಶುರು. ಈ ಮೂರನೆಯ ಮಾತನ್ನು ಹೆಚ್ಚಿನವರು ಮರೆಯುತ್ತಾರೆ. ಅಧಿಕಾರ ಹಂಚಿದ ಮೇಲೆ ಹಿಡಿತ ತಪ್ಪಿದ ಹಾಗೆ ಅನ್ನಿಸುವುದು ಆ ಹಂತದ ಸಹಜ ಗುಣ. ಅಷ್ಟಕ್ಕೇ ಗಾಬರಿಯಾಗಿ ಎಲ್ಲವನ್ನೂ ವಾಪಸ್ ಕಿತ್ತುಕೊಂಡರೆ ಎರಡನೇ ಹಂತಕ್ಕೆ ಮರಳಿದ ಹಾಗೆ.

ಹಾಗಾದರೆ ಯಾವ ತೀರ್ಮಾನ ಕೊಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು? ಕೂತು ಯೋಚಿಸಿದರೆ ಉತ್ತರ ಸಿಗುವುದಿಲ್ಲ. ಯೋಚಿಸುವಾಗ ನಮಗೆ ನೆನಪಾಗುವುದು ದೊಡ್ಡ ದೊಡ್ಡ ವಿಷಯ ಮಾತ್ರ. ಅದಕ್ಕಿಂತ ಎರಡು ವಾರ ಒಂದು ಚೀಟಿ ಇಟ್ಟುಕೊಳ್ಳಿ. ಯಾರಾದರೂ ಬಂದು "ಏನ್ ಮಾಡೋಣ?" ಅಂದಾಗಲೆಲ್ಲ ಒಂದು ಸಾಲು ಬರೆಯಿರಿ: ಯಾರು ಕೇಳಿದರು, ಏನು ಕೇಳಿದರು, ನೀವು ಏನು ಹೇಳಿದಿರಿ. ಎರಡು ವಾರ ಆದ ಮೇಲೆ ಆ ಪಟ್ಟಿ ಓದಿದರೆ ನಗು ಬರುತ್ತದೆ. ಅರ್ಧಕ್ಕರ್ಧ ಪ್ರಶ್ನೆಗೆ ಕೇಳಿದವರಿಗೇ ಉತ್ತರ ಗೊತ್ತಿರುತ್ತದೆ, ನಿಮ್ಮ ಬಾಯಿಂದ ಹೂಂ ಬೇಕಿತ್ತು ಅಷ್ಟೇ. ಇನ್ನು ಕೆಲವಕ್ಕೆ ಪ್ರತಿ ಸಲವೂ ಒಂದೇ ಉತ್ತರ ಕೊಟ್ಟಿರುತ್ತೀರಿ. ಅದನ್ನು ನಿಯಮ ಅಂತ ಬರೆದಿಟ್ಟರೆ ಮುಗಿಯಿತು, ಯಾರನ್ನೂ ನೇಮಿಸುವುದೇ ಬೇಡ. ಇಷ್ಟೆಲ್ಲ ತೆಗೆದ ಮೇಲೂ ಉಳಿಯುವ, ನಿಜವಾಗಿ ತಲೆ ಓಡಿಸಬೇಕಾದ ಪ್ರಶ್ನೆಗಳು ಒಂದೊಂದು ಕಡೆ ಗುಂಪಾಗಿ ಸೇರಿಕೊಂಡಿರುತ್ತವೆ. ಉತ್ಪಾದನೆ, ಡೆಲಿವರಿ ಒಂದು ಕಡೆ. ರೇಟು, ಗ್ರಾಹಕರು ಒಂದು ಕಡೆ. ದುಡ್ಡು ಒಂದು ಕಡೆ. ಜನ ಒಂದು ಕಡೆ. ಅತಿ ದೊಡ್ಡ ಗುಂಪು ಯಾವುದೋ ನಿಮಗೆ ಬೇಕಾದ ಮೊದಲ ಹುದ್ದೆ ಬಹುಪಾಲು ಅದೇ. ಇನ್ಯಾವುದೋ ಕಂಪನಿಯಲ್ಲಿ ಸಿಟಿಒ (ತಂತ್ರಜ್ಞಾನದ ಮುಖ್ಯಸ್ಥರು) ಇದ್ದಾರೆ ಅಂತ ನಿಮಗೂ ಸಿಟಿಒ ಬೇಕಾಗಿಲ್ಲ.

ಇದರ ಜೊತೆ ಇನ್ನೊಂದು ಜರಡಿ ಹಿಡಿಯಬೇಕು. ಅಮೆಜಾನ್‌ನ ಜೆಫ್ ಬೆಜೋಸ್ 2015ರ ಸಾಲಿನ ಷೇರುದಾರರ ಪತ್ರದಲ್ಲಿ ತೀರ್ಮಾನಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದರು: ಒಮ್ಮೆ ಮಾಡಿದರೆ ವಾಪಸ್ ಬರಲಾಗದವು, ಸರಿಬರದಿದ್ದರೆ ವಾಪಸ್ ಬರಬಹುದಾದವು. ಕಂಪನಿ ದೊಡ್ಡದಾದ ಹಾಗೆ ಎರಡನೇ ಬಗೆಯವಕ್ಕೂ ಮೊದಲ ಬಗೆಯ ಭಾರದ ಪ್ರಕ್ರಿಯೆ ಹೇರುತ್ತಾರೆ, ಅದರಿಂದಲೇ ನಿಧಾನ ಆಗುತ್ತದೆ ಅನ್ನುವುದು ಅವರ ವಾದ. ಸಣ್ಣ ಕಂಪನಿಯಲ್ಲಿ ಆ ಭಾರದ ಪ್ರಕ್ರಿಯೆ ಅಂದರೆ ಮಾಲೀಕರೇ. ಒಂದು ತಿಂಗಳ ಮಟ್ಟಿಗೆ ಹೊಸ ಸಪ್ಲೈಯರ್ ಹತ್ತಿರ ಮಾಲು ತರಿಸಿ ನೋಡುವುದು ವಾಪಸ್ ಬರಬಹುದಾದ ತೀರ್ಮಾನ, ಅದನ್ನು ಕೊಟ್ಟುಬಿಡಿ. ಐದು ವರ್ಷದ ಲೀಸ್‌ಗೆ ಸಹಿ ಹಾಕುವುದು, ಕಂಪನಿಯ ಪಾಲು ಕೊಡುವುದು, ವೈಯಕ್ತಿಕ ಗ್ಯಾರಂಟಿ ಮೇಲೆ ಸಾಲ ಎತ್ತುವುದು, ಇವು ವಾಪಸ್ ಬರುವಂಥವಲ್ಲ. ಇವುಗಳನ್ನು ಹತ್ತಿರವೇ ಇಟ್ಟುಕೊಳ್ಳಿ, ಯಾರೂ ತಪ್ಪು ಅನ್ನುವುದಿಲ್ಲ.

"ನಿಮಗೆ ಇಷ್ಟ ಇಲ್ಲದ ಕೆಲಸ ಮೊದಲು ಕೊಡಿ" ಅನ್ನುವ ಸಲಹೆಯನ್ನು ಎಲ್ಲ ಕಡೆ ಕೇಳಿರುತ್ತೀರಿ. ನನಗೆ ಇದು ಅಪಾಯದ ಸಲಹೆ ಅನ್ನಿಸುತ್ತದೆ. ಬಹಳ ಮಾಲೀಕರಿಗೆ ಇಷ್ಟ ಇಲ್ಲದ್ದು ಲೆಕ್ಕಪತ್ರ. ಇಷ್ಟ ಇಲ್ಲ ಅಂದರೆ ಅದು ಅಷ್ಟಾಗಿ ಅರ್ಥವೂ ಆಗುವುದಿಲ್ಲ ಅಂತಲೇ. ಅರ್ಥವಾಗದ್ದನ್ನು ಇನ್ನೊಬ್ಬರ ಕೈಗೆ ಪೂರ್ತಿ ಇಟ್ಟು ಕಣ್ಣು ಮುಚ್ಚಿಕೊಂಡರೆ ಅದಕ್ಕೆ ಹಂಚಿಕೆ ಅನ್ನುವುದಿಲ್ಲ, ಕೈಬಿಡುವುದು ಅನ್ನುತ್ತಾರೆ. ಕೊಟ್ಟ ಮೇಲೆ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಅಂತ ನಿಮಗೆ ಅಳೆಯಲು ಬರುವ ಕೆಲಸವನ್ನು ಮೊದಲು ಕೊಡಿ. ಹೆಚ್ಚಿನ ಕಡೆ ಅದು ದಿನನಿತ್ಯದ ಕಾರ್ಯಾಚರಣೆ ಆಗಿರುತ್ತದೆ, ಯಾಕೆಂದರೆ ನೀವೇ ವರ್ಷಗಟ್ಟಲೆ ಅದನ್ನು ಮಾಡಿದ್ದೀರಿ, ಒಂದು ರೌಂಡು ಹಾಕಿದರೆ ಸಾಕು ಎಲ್ಲಿ ಏನು ತಪ್ಪಿದೆ ಅಂತ ಗೊತ್ತಾಗುತ್ತದೆ. ಹಣಕಾಸಿಗೆ ಪೂರ್ಣಾವಧಿ ಸಿಎಫ್‌ಒ, ಅಂದರೆ ಹಣಕಾಸಿನ ಮುಖ್ಯಸ್ಥರು, ಸಣ್ಣ ಕಂಪನಿಗೆ ದುಬಾರಿ. ತಿಂಗಳಿಗೆ ಕೆಲವು ದಿನ ಬಂದು ಕೂತು ನೋಡುವ ಪಾರ್ಟ್ ಟೈಮ್ ಸಿಎಫ್‌ಒಗಳು ಈಗ ಸಿಗುತ್ತಾರೆ, ಒಂದೆರಡು ವರ್ಷಕ್ಕೆ ಅವರೇ ಸಾಕು. ಅಷ್ಟರಲ್ಲಿ ನೀವೂ ಕ್ಯಾಶ್ ಫ್ಲೋ (ದುಡ್ಡು ಬಂದು ಹೋಗುವ ಲೆಕ್ಕ) ಓದುವುದು ಕಲಿತಿರುತ್ತೀರಿ. ಮಾರಾಟವನ್ನು ಸಾಮಾನ್ಯವಾಗಿ ಕೊನೆಗೆ ಬಿಡುತ್ತಾರೆ, ಅದಕ್ಕೆ ಕಾರಣವೂ ಇದೆ. ಹಳೆ ಗ್ರಾಹಕರು ಕಂಪನಿಯನ್ನು ನೋಡಿ ಬಂದವರಲ್ಲ, ನಿಮ್ಮನ್ನು ನೋಡಿ ಬಂದವರು.

ಈಗ ಕೊಡುವ ಬಗೆ. ತೀರ್ಮಾನವನ್ನು ಒಂದೇ ಏಟಿಗೆ ಕೊಡಬೇಕಾಗಿಲ್ಲ. "ನೋಡಿಕೊಂಡು ಬಂದು ನನಗೆ ಹೇಳಿ" ಅನ್ನುವುದು ಕೆಳಗಿನ ಮಟ್ಟ. "ಏನು ಮಾಡಬೇಕು ಅಂತ ನೀವೇ ಹೇಳಿ, ನಾನು ಒಪ್ತೀನೋ ಇಲ್ವೋ ನೋಡೋಣ" ಅನ್ನುವುದು ಅದರ ಮೇಲಿನದು. "ಮಾಡಿ, ಆಮೇಲೆ ತಿಳಿಸಿ" ಇನ್ನೂ ಮೇಲೆ. "ಮಾಡಿ, ನನಗೆ ಹೇಳಬೇಕಾಗಿಯೂ ಇಲ್ಲ" ಎಲ್ಲಕ್ಕಿಂತ ಮೇಲೆ. ಒಬ್ಬರೇ ವ್ಯಕ್ತಿ ಒಂದು ವಿಷಯದಲ್ಲಿ ನಾಲ್ಕನೇ ಮಟ್ಟದಲ್ಲಿ, ಇನ್ನೊಂದರಲ್ಲಿ ಎರಡನೆಯದರಲ್ಲಿ ಇರಬಹುದು. ತೊಂದರೆ ಆಗುವುದು ಯಾವಾಗ ಅಂದರೆ, ನಿಮ್ಮ ತಲೆಯಲ್ಲಿ ಎರಡನೇ ಮಟ್ಟ ಇದೆ, ಅವರ ತಲೆಯಲ್ಲಿ ನಾಲ್ಕನೆಯದು ಇದೆ, ಇಬ್ಬರೂ ಬಾಯಿ ಬಿಟ್ಟು ಹೇಳಿಲ್ಲ. ಆಗ ಅವರು ಒಂದು ಮಷಿನ್ ಆರ್ಡರ್ ಮಾಡುತ್ತಾರೆ, ನೀವು "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಅನ್ನುತ್ತೀರಿ. ಮರುದಿನದಿಂದ ಅವರು ಎಲ್ಲವನ್ನೂ ಕೇಳಲು ಶುರು ಮಾಡುತ್ತಾರೆ. ಅಲ್ಲಿಗೆ ಮುಗಿಯಿತು.

ಅದಕ್ಕೇ ಬರೆದು ಕೊಡಿ ಅನ್ನುವುದು. ವಕೀಲರ ಭಾಷೆ ಬೇಡ, ಒಂದು ಪುಟ ಸಾಕು. ಪ್ಯಾಕಿಂಗ್ ಬಾಕ್ಸ್ ಮಾಡುವ ಮೂವತ್ತು ಜನರ ಒಂದು ಕಂಪನಿ ಅಂದುಕೊಳ್ಳಿ. ಅಲ್ಲಿನ ಮಾರಾಟ ಮುಖ್ಯಸ್ಥರಿಗೆ ಕೊಡುವ ಚೀಟಿ ಹೀಗಿರಬಹುದು:

"ಲಿಸ್ಟ್ ರೇಟಿನ ಮೇಲೆ ಶೇ. 8ರವರೆಗೆ ರಿಯಾಯಿತಿ ನೀವೇ ಕೊಡಬಹುದು, ನನಗೆ ಹೇಳಬೇಕಾಗಿಲ್ಲ. 8ರಿಂದ 12ರವರೆಗೆ ಕೊಟ್ಟರೆ ಅದೇ ವಾರ ಕಾರಣ ತಿಳಿಸಿ. 12 ದಾಟುವುದಾದರೆ ಮೊದಲೇ ಮಾತಾಡೋಣ. 45 ದಿನಕ್ಕಿಂತ ಹೆಚ್ಚು ಕ್ರೆಡಿಟ್ ಕೊಡುವುದಾದರೆ ಹಣಕಾಸಿನವರ ಒಪ್ಪಿಗೆ ಬೇಕು, ನನ್ನದು ಬೇಡ. ಬಜೆಟ್ ಒಳಗೆ ನಿಮ್ಮ ತಂಡಕ್ಕೆ ಯಾರನ್ನು ಬೇಕಾದರೂ ಸೇರಿಸಿಕೊಳ್ಳಿ. ಯಾರನ್ನಾದರೂ ತೆಗೆಯುವ ಮುಂಚೆ ನನ್ನ ಜೊತೆ ಮಾತಾಡಿ. ನಮ್ಮ ದೊಡ್ಡ ಗ್ರಾಹಕರು ಮೂವರಲ್ಲಿ ಯಾರಾದರೂ ಬಿಟ್ಟುಹೋಗುವ ಸುಳಿವು ಸಿಕ್ಕರೆ ಅವತ್ತೇ ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ."

ಇದರಲ್ಲಿರುವ ಅಂಕಿ ನಿಮ್ಮ ಕಂಪನಿಗೆ ತಕ್ಕ ಹಾಗೆ ಬದಲಾಗುತ್ತದೆ, ಲಾಭದ ಅಂಚು ತೀರಾ ಕಡಿಮೆ ಇರುವ ವ್ಯಾಪಾರದಲ್ಲಿ ಶೇ. 8 ಅಂದರೆ ಅಂಗಡಿ ಮುಚ್ಚಿದ ಹಾಗೆ. ಗಮನಿಸಬೇಕಾದ್ದು ಬೇರೆ. ಯಾವುದು ನಿಮಗೆ ಬೇಡ ಅಂತಲೂ ಅದರಲ್ಲಿ ಬರೆದಿದೆ. ಒಂದು ವಿಷಯವನ್ನು ನಿಮ್ಮ ಹತ್ತಿರ ತರದೆ ಇಬ್ಬರು ಮುಖ್ಯಸ್ಥರೇ ಮುಗಿಸಿಕೊಳ್ಳಬೇಕು ಅಂತಲೂ ಇದೆ. ಹೀಗೆ ಬರೆಯದಿದ್ದರೆ ನೀವು ಮೂವರು ಮುಖ್ಯಸ್ಥರನ್ನು ನೇಮಿಸಿ, ಅವರ ಮೂರು ಜಗಳಕ್ಕೆ ನಿತ್ಯ ಪಂಚಾಯ್ತಿ ಮಾಡುತ್ತಾ ಕೂರುತ್ತೀರಿ.

ಚೀಟಿ ಬರೆದಿದ್ದು ನಿಜವೋ ಸುಳ್ಳೋ ಅಂತ ಪರೀಕ್ಷೆ ಆಗುವುದು ಮೊದಲ ಫೋನ್ ಕಾಲ್‌ನಲ್ಲಿ. ಹದಿನೈದು ವರ್ಷದ ಹಳೆ ಗ್ರಾಹಕರು ಮಾರಾಟ ಮುಖ್ಯಸ್ಥರ ಹತ್ತಿರ ಶೇ. 10 ಕೇಳಿದ್ದಾರೆ, ಅವರು 6 ಅಂದಿದ್ದಾರೆ. ಗ್ರಾಹಕರು ಸುಮ್ನೆ ಇರುತ್ತಾರಾ? ನೇರ ನಿಮಗೇ ಫೋನ್. "ಏನ್ ಸಾರ್, ನಮ್ಮ ನಿಮ್ಮ ನಡುವೆ ಇದೆಲ್ಲ ಏನು ಹೊಸ ವ್ಯವಹಾರ?" ಆ ಕ್ಷಣದಲ್ಲಿ "ಆಯ್ತು ಬಿಡಿ, 10 ಮಾಡ್ಕೊಳ್ಳಿ" ಅನ್ನುವುದು ನಾಲಿಗೆ ತುದಿಯಲ್ಲೇ ಇರುತ್ತದೆ. ಅಂದುಬಿಟ್ಟರೆ ನಿಮ್ಮ ಕೈಯಿಂದ ಹೋಗುವುದು ಬರೀ ನಾಲ್ಕು ಪರ್ಸೆಂಟ್ ಅಲ್ಲ. ಇನ್ನು ಮುಂದೆ ಯಾರ ಹತ್ತಿರ ಚೌಕಾಸಿ ಮಾಡಬೇಕು ಅಂತ ಗ್ರಾಹಕರಿಗೆ ಗೊತ್ತಾಯಿತು. ತನ್ನ ಮಾತಿಗೆ ಎಷ್ಟು ತೂಕ ಅಂತ ಮುಖ್ಯಸ್ಥರಿಗೆ ಗೊತ್ತಾಯಿತು. ಪಕ್ಕದ ಟೇಬಲ್ಲಿನ ಮೂರು ಜನ ಸೇಲ್ಸ್‌ನವರಿಗೂ ಸಂಜೆಯೊಳಗೆ ಗೊತ್ತಾಗುತ್ತದೆ. ಹೇಳಬೇಕಾದ್ದು ಇಷ್ಟು: "ರೇಟಿನ ವಿಷಯ ಈಗ ಅವರೇ ನೋಡ್ತಾರೆ. ಅವರು ಏನು ಹೇಳ್ತಾರೋ ಅದೇ ನನ್ನ ಮಾತು. ನೀವು ಫೋನ್ ಮಾಡಿದ್ರಿ ಅಂತ ಅವರಿಗೆ ಹೇಳ್ತೀನಿ." ಆಮೇಲೆ ಮುಖ್ಯಸ್ಥರಿಗೆ ಹೇಳಿ, ಈ ಗ್ರಾಹಕರ ಇತಿಹಾಸ ಇದು, ಬೇಕಿದ್ದರೆ ಇನ್ನೊಮ್ಮೆ ಯೋಚಿಸಿ, ತೀರ್ಮಾನ ನಿಮ್ಮದೇ. ಅವರು 10 ಕೊಟ್ಟರೂ ಸರಿ, 6ಕ್ಕೇ ನಿಂತರೂ ಸರಿ. ಗ್ರಾಹಕರ ಮುಂದೆ ಅದು ಅವರ ಬಾಯಿಂದ ಬರಬೇಕು.

ಒಳಗಿನ ಜನರೂ ಹೀಗೇ ಬೈಪಾಸ್ ಮಾಡುತ್ತಾರೆ, ಅದರಲ್ಲೂ ಹಳಬರು. ಶುರುವಿನ ದಿನಗಳಲ್ಲಿ ನಿಮ್ಮ ಜೊತೆ ನೆಲದ ಮೇಲೆ ಕೂತು ಪಾರ್ಸೆಲ್ ಕಟ್ಟಿದವರಿಗೆ ನಿನ್ನೆ ಮೊನ್ನೆ ಬಂದ ಮುಖ್ಯಸ್ಥರ ಹತ್ತಿರ ರಜೆ ಕೇಳುವುದು ಅಂದರೆ ಅವಮಾನ ಅನ್ನಿಸುತ್ತದೆ. ಅವರ ಜೊತೆ ಮಾತು ನಿಲ್ಲಿಸಬೇಡಿ, ಆದರೆ ಅಲ್ಲೇ ನಿಂತು ತೀರ್ಮಾನ ಹೇಳಬೇಡಿ. "ಅವರಿಗೆ ಹೇಳಿದ್ರಾ? ಏನಂದ್ರು?" ಈ ಎರಡು ಪ್ರಶ್ನೆ ಸಾಕು.

ಇನ್ನು ಯಾರಿಗೆ ಕೊಡುವುದು ಅನ್ನುವುದು. ಒಳಗಿನವರಿಗೆ ಬಡ್ತಿಯೋ, ಹೊರಗಿನವರನ್ನು ತರುವುದೋ? ಎರಡರಲ್ಲೂ ಗುಂಡಿಗಳಿವೆ. ಒಳಗಿನವರ ವಿಷಯದಲ್ಲಿ ಸಾಮಾನ್ಯವಾಗಿ ಆಗುವುದು, ಅತಿ ಹೆಚ್ಚು ಮಾರಾಟ ಮಾಡುವವರನ್ನು ಮಾರಾಟ ಮುಖ್ಯಸ್ಥರನ್ನಾಗಿ ಮಾಡುವುದು. ಮಾರುವುದು ಒಂದು ಕಸುಬು, ಮಾರುವವರನ್ನು ನಡೆಸುವುದು ಇನ್ನೊಂದು. ಒಬ್ಬ ಒಳ್ಳೆ ಮಾರಾಟಗಾರ ಕೈತಪ್ಪಿ, ಒಬ್ಬ ಸುಮಾರಾದ ಮ್ಯಾನೇಜರ್ ಸಿಗುತ್ತಾನೆ. ಹೊರಗಿನವರಾದರೆ ದೊಡ್ಡ ಕಂಪನಿಯ ಹೆಸರು ನೋಡಿ ಮರುಳಾಗುವ ಅಪಾಯ. ಇನ್ನೂರು ಜನರ ತಂಡ ನಡೆಸಿದವರಿಗೆ ವರದಿ ತಯಾರಿಸಲು ಒಬ್ಬರು, ನೇಮಕಾತಿಗೆ ಒಂದು ವಿಭಾಗ, ಕಂಪ್ಯೂಟರ್ ಕೆಟ್ಟರೆ ಇನ್ನೊಂದು ವಿಭಾಗ ಇತ್ತು. ನಿಮ್ಮಲ್ಲಿ ಅವೆಲ್ಲ ಅವರೇ. ಸಂದರ್ಶನದಲ್ಲಿ "ಸ್ಪ್ರೆಡ್‌ಶೀಟ್‌ನಲ್ಲಿ ಕೊನೆಯ ಸಲ ನೀವೇ ಕೈಯಾರೆ ಲೆಕ್ಕ ಮಾಡಿದ್ದು ಯಾವಾಗ, ಏನನ್ನ?" ಅಂತ ಕೇಳಿ ನೋಡಿ. ಉತ್ತರಕ್ಕಿಂತ ಮುಖದಲ್ಲಿ ಜಾಸ್ತಿ ಗೊತ್ತಾಗುತ್ತದೆ.

ಇಲ್ಲಿ ಆಪಲ್ ಕಂಪನಿಯ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಆಪಲ್ ಸಣ್ಣ ಉದ್ಯಮ ಅಲ್ಲ, ಗೊತ್ತು. ಆದರೆ ಯಾರ ತೀರ್ಮಾನ ಯಾರದು ಅನ್ನುವ ಗೊಂದಲ ಎಲ್ಲ ಕಡೆಯೂ ಒಂದೇ. 1983ರಲ್ಲಿ ಪೆಪ್ಸಿಯಿಂದ ಜಾನ್ ಸ್ಕಲಿ ಅವರನ್ನು ಸಿಇಒ ಆಗಿ ಕರೆತಂದರು. ಕರೆತರಲು ಹಿಂದೆ ಬಿದ್ದವರು ಆಪಲ್ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ಜಾಬ್ಸ್ ಅವರೇ. ಆದರೆ ಜಾಬ್ಸ್ ಒಂದು ಕಡೆ ಕಂಪನಿಯ ಆಡಳಿತ ಮಂಡಳಿಯ ಅಧ್ಯಕ್ಷರು, ಅಂದರೆ ಸ್ಕಲಿಗಿಂತ ಮೇಲೆ. ಇನ್ನೊಂದು ಕಡೆ ಮ್ಯಾಕಿಂಟಾಷ್ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ಅಂದರೆ ಸ್ಕಲಿಗಿಂತ ಕೆಳಗೆ. ಎಲ್ಲ ಚೆನ್ನಾಗಿರುವವರೆಗೆ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಮ್ಯಾಕಿಂಟಾಷ್ ಮಾರಾಟ ಕುಸಿದಾಗ ಕೊನೆಯ ಮಾತು ಯಾರದು ಅನ್ನುವ ಪ್ರಶ್ನೆ ಎದ್ದಿತು, ಆಡಳಿತ ಮಂಡಳಿ ಸ್ಕಲಿ ಪರ ನಿಂತಿತು, 1985ರಲ್ಲಿ ಜಾಬ್ಸ್ ಹೊರನಡೆದರು. ಇದೇ ಜಾಬ್ಸ್ ವಾಪಸ್ ಬಂದ ಮೇಲೆ, 1998ರಲ್ಲಿ, ಟಿಮ್ ಕುಕ್ ಅವರನ್ನು ತಂದರು. ಈ ಸಲ ಗೆರೆ ಸ್ಪಷ್ಟ ಇತ್ತು. ಗೋದಾಮು, ದಾಸ್ತಾನು, ಪೂರೈಕೆ, ಉತ್ಪಾದನೆ ಕುಕ್ ಅವರದ್ದು. ಪ್ರಾಡಕ್ಟ್ ಹೇಗಿರಬೇಕು ಅನ್ನುವುದು ಜಾಬ್ಸ್ ಅವರದ್ದು. ಜಾಬ್ಸ್ ಅನಾರೋಗ್ಯದಿಂದ ರಜೆಯಲ್ಲಿದ್ದಾಗ 2004ರಲ್ಲಿ, 2009ರಲ್ಲಿ, ಮತ್ತೆ 2011ರಲ್ಲಿ ಕುಕ್ ಕಂಪನಿ ನಡೆಸಿದರು, ಆ ವರ್ಷದ ಆಗಸ್ಟ್‌ನಲ್ಲಿ ಸಿಇಒ ಆದರು. ಹದಿಮೂರು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಆದ ಹಸ್ತಾಂತರ ಇದು. ಸ್ಕಲಿ ದಡ್ಡರಾಗಿದ್ದರು, ಕುಕ್ ಜಾಣರಾಗಿದ್ದರು ಅಂತ ಇದನ್ನು ಓದಿದರೆ ಮುಖ್ಯವಾದ್ದು ತಪ್ಪಿಹೋಗುತ್ತದೆ. ಜಾಬ್ಸ್ ತಾವು ಬಿಟ್ಟ ಜಾಗದಲ್ಲಿ ಮತ್ತೆ ನಿಂತರೋ ಇಲ್ಲವೋ, ಅದನ್ನು ನೋಡಬೇಕು.

ಹುದ್ದೆಯ ಹೆಸರಿನ ಬಗ್ಗೆ ಒಂದು ಮಾತು. ಸಂಬಳ ಹೆಚ್ಚಿಸಲು ದುಡ್ಡಿಲ್ಲದಾಗ ಡೈರೆಕ್ಟರ್, ವೈಸ್ ಪ್ರೆಸಿಡೆಂಟ್ ಅಂತ ದೊಡ್ಡ ಹೆಸರು ಕೊಟ್ಟು ಸಮಾಧಾನ ಮಾಡುವುದು ಸುಲಭ. ಎರಡು ವರ್ಷ ಬಿಟ್ಟು ಕಂಪನಿ ಬೆಳೆದು ನಿಜವಾಗಿಯೂ ಅನುಭವಿ ಡೈರೆಕ್ಟರ್ ಬೇಕಾದಾಗ ಅವರನ್ನು ಎಲ್ಲಿ ಕೂರಿಸುತ್ತೀರಿ? ಹೆಸರು ಕಿತ್ತುಕೊಳ್ಳುವುದು ಸಂಬಳ ಕಡಿತಕ್ಕಿಂತ ಜಾಸ್ತಿ ನೋಯಿಸುತ್ತದೆ. "ಮಾರಾಟ ವಿಭಾಗದ ಮುಖ್ಯಸ್ಥರು" ಅನ್ನುವಂಥ ಸಾದಾ ಹೆಸರಲ್ಲಿ ಶುರು ಮಾಡಿದರೆ ಮೇಲೆ ಜಾಗ ಉಳಿದಿರುತ್ತದೆ. ಕಂಪನಿಯ ಪಾಲು ಕೊಡುವುದಾದರೂ ಅಷ್ಟೇ, ಅವಸರ ಬೇಡ. ಸ್ಟಾರ್ಟಪ್‌ಗಳಲ್ಲಿ ಪಾಲು ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಸೇರುವುದು, ಮೊದಲ ವರ್ಷ ತುಂಬುವ ಮುಂಚೆ ಹೋದರೆ ಏನೂ ಸಿಗದಿರುವುದು ರೂಢಿಯಲ್ಲಿರುವ ಪದ್ಧತಿ. ಸಣ್ಣ ಉದ್ಯಮಕ್ಕೆ ಲಾಭದಲ್ಲಿ ಒಂದು ಭಾಗ ಕೊಡುವುದು ಇನ್ನೂ ಸರಳ. ಅದರಲ್ಲಿ ಕಾಗದಪತ್ರದ ಕೆಲಸ ಕಡಿಮೆ, ಮನಸ್ತಾಪವೂ ಕಡಿಮೆ.

ದುಡ್ಡಿನ ವಿಷಯದಲ್ಲಿ ಮಾತ್ರ ನಂಬಿಕೆ ಅನ್ನುವ ಪದ ಬಳಸಬೇಡಿ. ಎಷ್ಟೇ ಒಳ್ಳೆಯವರಿರಲಿ, ಬಿಲ್ ಒಪ್ಪುವವರು ಒಬ್ಬರು, ಪೇಮೆಂಟ್ ಬಿಡುವವರು ಇನ್ನೊಬ್ಬರು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವವರು ಮೂರನೆಯವರು ಇರಬೇಕು. ಮೂರು ಜನ ಇಲ್ಲದಿದ್ದರೆ ತಾಳೆ ನೋಡುವುದನ್ನು ನೀವೇ ಇಟ್ಟುಕೊಳ್ಳಿ, ತಿಂಗಳಿಗೆ ಒಂದೆರಡು ಗಂಟೆಯ ಕೆಲಸ ಅದು. ಇದನ್ನು ಕೇಳಿ ನಿಮ್ಮ ಹಣಕಾಸಿನವರು ಬೇಜಾರು ಮಾಡಿಕೊಂಡರೆ, ಹೀಗಿದ್ದರೆ ನಾಳೆ ಏನೇ ಹೆಚ್ಚುಕಡಿಮೆ ಆದರೂ ನಿಮ್ಮ ಮೇಲೆ ಬೆರಳು ತೋರಿಸಲು ಆಗುವುದಿಲ್ಲ ಅಂತ ಹೇಳಿ. ಅದು ನಿಜವೂ ಹೌದು. ಅನುಭವ ಇರುವ ಹಣಕಾಸಿನವರು ಈ ವ್ಯವಸ್ಥೆಯನ್ನು ತಾವೇ ಕೇಳುತ್ತಾರೆ.

ಕೊಟ್ಟಾದ ಮೇಲೆ ನೀವು ಏನು ನೋಡಬೇಕು? ಒಬ್ಬೊಬ್ಬ ಮುಖ್ಯಸ್ಥರಿಂದ ವಾರಕ್ಕೆ ಮೂರೋ ನಾಲ್ಕೋ ಅಂಕಿ. ಕಾರ್ಯಾಚರಣೆಯಿಂದ, ಹೇಳಿದ ದಿನಕ್ಕೆ ಹೋದ ಆರ್ಡರ್ ಎಷ್ಟು, ವಾಪಸ್ ಬಂದಿದ್ದೆಷ್ಟು. ಹಣಕಾಸಿನಿಂದ, ಕೈಯಲ್ಲಿರುವ ದುಡ್ಡು ಎಷ್ಟು ವಾರಕ್ಕೆ ಸಾಕು, ಬರಬೇಕಾದ್ದು ಎಷ್ಟು ಹಳೆಯದಾಗಿದೆ. ಅಂಕಿ ಚೆನ್ನಾಗಿದ್ದರೆ ಹೇಗೆ ಮಾಡಿದಿರಿ ಅಂತ ಕೆದಕಬೇಡಿ. ಕೆಟ್ಟಿದ್ದರೆ ಕೇಳಿ, ಕೇಳುವ ಹಕ್ಕು ನಿಮಗಿದೆ. ಇದರ ಜೊತೆ ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರಿ, ಅಲ್ಲಿ ಏನು ಮಾತಾಡಬೇಕು ಅಂತ ನಿರ್ಧರಿಸುವವರು ಅವರಾಗಿರಲಿ.

ಅವರು ತಪ್ಪು ತೀರ್ಮಾನ ಮಾಡಿದಾಗ ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಿಕೊಳ್ಳಿ. ನಾನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ ಅಂತಲಾ? ಅಥವಾ ಅವತ್ತು ಅವರ ಮುಂದೆ ಇದ್ದ ಮಾಹಿತಿ ನೋಡಿದರೂ ಇದು ತಪ್ಪೇ ಅಂತಲಾ? ಮೊದಲನೆಯದಾದರೆ ಬಾಯಿ ಮುಚ್ಚಿಕೊಂಡಿರಿ. ನಿಮ್ಮ ರುಚಿ ಬೇರೆ, ಅಷ್ಟೇ. ಎರಡನೆಯದಾದರೆ ಕೂತು ಮಾತಾಡಿ, ಯಾವ ಮಾಹಿತಿ ಕಾಣದೇ ಹೋಯಿತು ಅಂತ ಹುಡುಕಿ. ಮೊದಲ ಮೂರು ನಾಲ್ಕು ತಿಂಗಳು ಎಲ್ಲವೂ ನೀವು ಮಾಡುತ್ತಿದ್ದುದಕ್ಕಿಂತ ನಿಧಾನವಾಗಿ, ಒಂಚೂರು ಒರಟಾಗಿ ನಡೆಯುತ್ತದೆ. ಅದನ್ನು ಬಜೆಟ್‌ನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಆದರೂ ಕೆಲವೊಮ್ಮೆ ಆ ವ್ಯಕ್ತಿಗೆ ಹೊಂದುವುದೇ ಇಲ್ಲ. ಹೇಳಿದ್ದನ್ನೇ ಮೂರನೇ ಸಲ ಹೇಳುತ್ತಿದ್ದೀರಿ, ಕೆಟ್ಟ ಸುದ್ದಿ ನಿಮಗೆ ಬೇರೆಯವರಿಂದ ತಿಳಿಯುತ್ತಿದೆ, ಅವರ ತಂಡದ ಒಳ್ಳೆ ಜನ ಒಬ್ಬೊಬ್ಬರೇ ಬಿಡುತ್ತಿದ್ದಾರೆ. ಆಗ ಅಧಿಕಾರವನ್ನು ಸದ್ದಿಲ್ಲದೆ ಒಂದೊಂದೇ ತುಂಡಾಗಿ ಕಿತ್ತುಕೊಳ್ಳುವುದು ಅತಿ ಕೆಟ್ಟ ದಾರಿ. ಹುದ್ದೆ ಹಾಗೇ ಇರುತ್ತದೆ, ಒಳಗೆ ಏನೂ ಉಳಿದಿರುವುದಿಲ್ಲ, ಅವರಿಗೂ ಹಿಂಸೆ, ನೋಡುವವರಿಗೂ ಗೊಂದಲ. ಯಾವ ತೀರ್ಮಾನ ವಾಪಸ್ ತಗೊಳ್ಳುತ್ತಿದ್ದೀರಿ, ಯಾಕೆ, ಎಷ್ಟು ದಿನಕ್ಕೆ, ಇಷ್ಟನ್ನೂ ಎದುರು ಕೂತು ಹೇಳಿಬಿಡಿ.

ಆಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ನೋಮ್ ವಾಸರ್‌ಮನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ 212 ಅಮೆರಿಕನ್ ಸ್ಟಾರ್ಟಪ್‌ಗಳದ್ದು. ಕಂಪನಿಗೆ ಮೂರು ವರ್ಷ ಆಗುವ ಹೊತ್ತಿಗೆ ಸ್ಥಾಪಕರಲ್ಲಿ ಅರ್ಧದಷ್ಟು ಜನ ಸಿಇಒ ಆಗಿ ಉಳಿದಿರಲಿಲ್ಲ, ಹಾಗೆ ಇಳಿದವರಲ್ಲಿ ಐವರಿಗೆ ನಾಲ್ವರು ಇಷ್ಟಪಟ್ಟು ಇಳಿದವರಲ್ಲ, ಹೂಡಿಕೆದಾರರೋ ಮಂಡಳಿಯೋ ಇಳಿಸಿದ್ದು. ಸ್ವಂತ ದುಡ್ಡಿನಲ್ಲಿ ನಡೆಯುವ ಸಣ್ಣ ಉದ್ಯಮದಲ್ಲಿ ಮಾಲೀಕರನ್ನು ಹಾಗೆ ಎಬ್ಬಿಸುವವರು ಯಾರೂ ಇರುವುದಿಲ್ಲ. ಕೇಳಲು ಹಿತವಾಗಿದೆ, ಅಲ್ವಾ? ಆದರೆ ಯಾವಾಗ ಬಿಡಬೇಕು ಅಂತ ಹೇಳುವವರೂ ಯಾರೂ ಇಲ್ಲ ಅಂತಲೂ ಇದರ ಅರ್ಥ. ಆ ಗಂಟೆಯನ್ನು ನೀವೇ ಬಾರಿಸಿಕೊಳ್ಳಬೇಕು.

ಅದಕ್ಕೆ ನನಗೆ ಗೊತ್ತಿರುವ ಒಳ್ಳೆಯ ವಿಧಾನ ರಜೆ. ಎರಡು ವಾರ, ಲ್ಯಾಪ್‌ಟಾಪ್ ಇಲ್ಲದೆ. ಹೋಗುವ ಮುಂಚೆ ಬ್ಯಾಂಕಿನಲ್ಲಿ ಎರಡನೇ ಸಹಿದಾರರು ಇದ್ದಾರಾ, ವೆಬ್‌ಸೈಟ್, ಇಮೇಲ್, ತೆರಿಗೆ ಖಾತೆಗಳ ಪಾಸ್‌ವರ್ಡ್ ಇನ್ನೊಬ್ಬರ ಕೈಯಲ್ಲಿ ಸುರಕ್ಷಿತವಾಗಿ ಇದೆಯಾ ಅಂತ ನೋಡಿಕೊಳ್ಳಿ. ಬಹಳ ಕಂಪನಿಗಳು ಮೊದಲು ಮುಗ್ಗರಿಸುವುದೇ ಅಲ್ಲಿ. ಫೋನ್ ಒಂದು ಇರಲಿ, ಬಂದ ಕಾಲ್ ಬರೆದಿಟ್ಟುಕೊಳ್ಳಿ. ಒಂದೂ ಕಾಲ್ ಬರದಿದ್ದರೆ ಸಂತೋಷಪಡುವ ಮುಂಚೆ, ವಾಪಸ್ ಬಂದು ತೀರ್ಮಾನಗಳು ಆದವಾ ಇಲ್ಲ ನಿಮಗಾಗಿ ಕಾಯುತ್ತಾ ಕೂತಿವೆಯಾ ನೋಡಿ. ಕಾಲ್ ಬಂದಿದ್ದರೆ ಪ್ರತಿಯೊಂದರ ಪಕ್ಕದಲ್ಲೂ ಬರೆಯಿರಿ: ಇದು ಚೀಟಿಯಲ್ಲಿ ಇರಲಿಲ್ಲವಾ, ಇದ್ದರೂ ಅವರಿಗೆ ಧೈರ್ಯ ಸಾಲಲಿಲ್ಲವಾ, ಅಥವಾ ನಿಜವಾಗಿಯೂ ನನ್ನದೇ ತೀರ್ಮಾನವಾ? ಮೊದಲ ಬಗೆಯವು ಸೋಮವಾರ ಚೀಟಿಗೆ ಸೇರುತ್ತವೆ. ಎರಡನೇ ಬಗೆಯವಕ್ಕೆ ಕಾರಣ ನೀವು ಹಿಂದೆ ಯಾವಾಗಲೋ ಕೊಟ್ಟ ಒಂದು ಪ್ರತಿಕ್ರಿಯೆ ಇರುತ್ತದೆ, ಯಾವುದು ಅಂತ ಅವರನ್ನೇ ಕೇಳಿ. ಮೂರನೇ ಬಗೆಯವು ಎಷ್ಟಿವೆಯೋ ಎಣಿಸಿ. ಇನ್ನು ಮೇಲೆ ನಿಮ್ಮ ಕೆಲಸ ಅಂತ ಉಳಿಯುವುದು ಅಷ್ಟೇ.